ಸುಣ್ಣದ ಲೆಕ್ಕ

ರಾತ್ರಿ ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ
ವಾಸನೆ ಹೇಳಿತು:
ಎರಡು ದಿನ ಹಳೆಯ ಬಂಗಡೆ ಬುಟ್ಟಿಯ ವಾಸನೆ,
ಮುಹರ್ರಕ್‌ನ ಮೂರನೇ ಮಹಡಿಯಲ್ಲಿ,
ಅರವತ್ತು ಲೀಟರಿನ ನನ್ನ ಗಾಜಿನ ಕಡಲಿನಿಂದ.

ಟಾರ್ಚ್ ಹವಳ. ಏಳು ತಲೆ.
ನಿನ್ನೆಯವರೆಗೆ ಪಂಪಿನ ಅಲೆಗೆ ಹಸಿರು ಬೆರಳಾಡಿಸುತ್ತಿತ್ತು.
ಇವತ್ತು ಮೂರನೆಯ ತಲೆ ಮುದುಡಿದೆ,
ಬುಡದಲ್ಲಿ ಮಾಂಸ ಸರಿದು ಬಿಳಿ ಎಲುಬು,
ಎಲುಬಿನ ಮೇಲೆ ಕಂದು ಲೋಳೆ,
ಊದಿದರೆ ಹಾರುವಷ್ಟು ಸಡಿಲ,
ಹಾರಿ ಬಿದ್ದಲ್ಲೆಲ್ಲ ಬೇರೂರುವಷ್ಟು ಗಟ್ಟಿಗ.

ಪಂಪು ನಿಲ್ಲಿಸಿದೆ.
ಸಣ್ಣ ಕೊಳವೆ ಕಚ್ಚಿ ಲೋಳೆಯನ್ನು ಬಕೆಟ್ಟಿಗೆ ಎಳೆದೆ.
ಒಂದು ಗುಟುಕು ಬಾಯಿಗೂ ಬಂತು, ಅದಿರಲಿ.

ಬಿಸಿಯೇ? ಇಪ್ಪತ್ತಾರು. ಅಲ್ಲ.
ಉಪ್ಪೇ? ಮಾಪಕದ ಗೆರೆ ಮೂವತ್ತೈದರ ಮೇಲೇ ಕೂತಿದೆ.
ಹುಳವೇ? ಭೂತಗನ್ನಡಿ ಹಿಡಿದರೆ
ಗಾಜಿನಲ್ಲಿ ನನ್ನದೇ ಕಣ್ಣು, ನಿದ್ದೆಗೆಟ್ಟದ್ದು.
ಕೊನೆಗೆ ಕ್ಷಾರ:
ಐದು ಎಂಎಲ್ ನೀರಿಗೆ ಹನಿ ಹನಿ ಮದ್ದು,
ನೀಲಿ ಹಳದಿಯಾಗುವವರೆಗೆ ಎಣಿಸು.
ಎಂಟಕ್ಕೆ ತಿರುಗಬೇಕಿತ್ತು.
ಒಂಬತ್ತು. ಹತ್ತು. ಇನ್ನೂ ನೀಲಿ.
ಹನ್ನೊಂದು.
ಹನ್ನೆರಡು.
ಹದಿಮೂರಕ್ಕೆ ತಿರುಗಿತು.

ಹೋದ ವಾರ ಆರಿತ್ತು.
ಕಡಿಮೆಯಾಯಿತೆಂದು ಹೆದರಿ ನಾನೇ
ಸುಣ್ಣದ ತಿಳಿ ಬಿಟ್ಟೆ, ರಾತ್ರಿ ಒಂದು ಲೋಟ,
ಬೆಳಿಗ್ಗೆ, ಬಿಟ್ಟದ್ದು ಮರೆತು, ಇನ್ನೊಂದು.

ಗಂಗೊಳ್ಳಿಯ ಹೊಳೆಬಾಯಲ್ಲಿ
ಚಿಪ್ಪು ಸುಟ್ಟು ಸುಣ್ಣ ಮಾರಿದವಳ ಮೊಮ್ಮಗ ನಾನು.
ಎಲೆಯ ಬೆನ್ನಿಗೆ ಬೆರಳು ಸವರುತ್ತ ಅಜ್ಜಿ ಅಂದದ್ದು:
"ಉಗ್ರ್ ತುದಿಯಷ್ಟ್ ಸಾಕ್ ಮಗಾ,
ಹೆಚ್ಚಾರೆ ಬಾಯ್ ಸುಟ್ ಹೋತ್ತ್."
ಆಸ್ಪತ್ರೆಯಲ್ಲಂತೂ ಈ ಪಾಠ ಹೇಳುವವನೇ ನಾನು.
ಡಯಾಲಿಸಿಸ್ ಯಂತ್ರದ ಮುಂದೆ ಹೊಸ ಹುಡುಗಿ ಶೆರ್ಲಿನ್‌ಗೆ:
ವರ್ಷದ ಕೊಳೆ ಒಂದೇ ದಿನ ತೊಳೆಯಹೊರಟರೆ
ರೋಗಿಯ ಮಿದುಳು ಊದುತ್ತದೆ, ತಾಯಿ. ನಿಧಾನ.

ಎಲುಬು ಕತ್ತರಿಸುವ ಇಕ್ಕಳದಿಂದ
ಮೂರನೆಯದನ್ನು ತುಂಡರಿಸಿದೆ.
ನಾಲ್ಕನೆಯದು ನೋಡಲು ಚೆನ್ನಾಗಿಯೇ ಇತ್ತು.
ಅದನ್ನೂ.
ಉಳಿದ ಐದು ತಲೆಗೆ ಹತ್ತು ನಿಮಿಷ
ಸುಲೈಮಾನಿ ಬಣ್ಣದ ಅಯೋಡಿನ್ ಸ್ನಾನ,
ಗಾಯಕ್ಕೆ ಅಂಟು, ಅಂಟಿಗೆ ಕಲ್ಲು.
ಆಮೇಲೆ ದಿನಕ್ಕೆ ಮೂರು ಲೀಟರ್ ಹೊಸ ನೀರು.
ಮೂರೇ.

ಐದನೇ ಹಾಸಿಗೆಯ ಜುಮಾ
ಮೂವತ್ತು ವರ್ಷ ಹೂಳೆತ್ತುವ ಹಡಗಿನಲ್ಲಿದ್ದವನು,
ಕಡಲಿನ ಮರಳು ಹೀರಿ ಕಡಲಿಗೇ ಸುರಿದು
ನೆಲ ಮಾಡಿದವನು.
ಕೈಯಲ್ಲಿ ಸೂಜಿ ಇರುವಾಗ ಅವನಿಗೆ ಫೋಟೋ ತೋರಿಸಿದೆ.
"ಗೊತ್ತು," ಅಂದ. "ಪೈಪಿನ ಬಾಯಿಗೆ ಸಿಕ್ಕಿಬೀಳುತ್ತಿತ್ತು,
ಕೊಡಲಿಯಲ್ಲಿ ಬಿಡಿಸುತ್ತಿದ್ದೆವು."
ಯಂತ್ರ ಎರಡು ಸಲ ಬೀಪ್ ಅಂತು, ಸರಿಪಡಿಸಿದೆ.
"ಹುಟ್ಟಿದ ಮನೆಯ ಗೋಡೆಯೂ ಇದರದ್ದೇ.
ತೂತಿಗೆ ಬೆರಳು ತುರುಕಿ ಬೈಸಿಕೊಳ್ಳುತ್ತಿದ್ದೆ."
ಆಮೇಲೆ, ತುಂಬ ಹೊತ್ತಾದ ಮೇಲೆ,
"ಬದುಕುತ್ತದಾ?"

ಗೊತ್ತಿಲ್ಲ ಅಂದೆ. ಅವನಿಗೂ ಹಾಗೆಯೇ ಹೇಳುವುದು.

ಈಗ ವಾರಕ್ಕೆ ಮೂರು ಸಲ,
ಟೇಪು ಅಂಟಿಸುವಾಗ, ಸಲಾಂಗಿಂತ ಮೊದಲು
ಬೆರಳೆತ್ತಿ ಕೇಳುತ್ತಾನೆ: ಐದರಲ್ಲಿ ಎಷ್ಟು?
ಮೊನ್ನೆ ಒಂದು. ಇವತ್ತು ಎರಡೂವರೆ:
ಆ ಅರ್ಧದ್ದು ಬಾಯಿ ತೆರೆದಿದೆ, ಬೆರಳು ಚಾಚಿಲ್ಲ.

ಕತ್ತರಿಸಿದ ಮೂರನೆಯ ತಲೆ ಕಿಟಕಿಯಲ್ಲಿ ಒಣಗಿದೆ.
ಮುಟ್ಟಿದರೆ ಬೆರಳ ತುದಿಗೆ ಬಿಳಿ.
ನಾಲ್ಕನೆಯದನ್ನು ಎಸೆದೆ, ನೋಡಲಾಗಲಿಲ್ಲ.

ಇವತ್ತಿನ ಹನಿ: ಹನ್ನೊಂದು.
ಸುಣ್ಣದ ಡಬ್ಬಿಯನ್ನು ಕಪಾಟಿನ ಮೇಲೆ ಇಟ್ಟಿದ್ದೇನೆ,
ಸ್ಟೂಲು ಹತ್ತದೆ ಸಿಗದ ಕಡೆ.
ಸ್ಟೂಲು ಪಕ್ಕದ ಮನೆಯಲ್ಲಿದೆ.