ಉಸಿರು ಬಿಟ್ಟಾಗಿನ ಅಳತಿ

ನಾಲ್ಕ ಮಡಿಕಿ ಮಾಡಿ ಪರ್ಸಿನ್ಯಾಗ ಇಟಗೊಂಡ ಬಂದಿದ್ಲು
ವಾರಪತ್ರಿಕೆಯ ಬಣ್ಣದ ಹಾಳಿ.
"ಇಂಥಾದ್ದ ಹೊಲೀರಿ ಅಕ್ಕಾರ. ಇಷ್ಟ. ಇಷ್ಟ ಸಣ್ಣ."
ಮುಳಗುಂದದ ಸಂಜೋತಾ, ನರ್ಸಿಂಗ್ ಎರಡನೇ ವರ್ಷ,
ಮುಂದಿನ ಐತವಾರ ಅಕ್ಕನ ಲಗ್ನ.

ಬೆಟಗೇರಿ ನೇಕಾರ ಓಣಿಯ ಈ ಖೋಲಿಯೊಳಗ
ಇಪ್ಪತ್ತಾರ ವರ್ಷ ಕತ್ತರಿ ಹಿಡದ ಕಣ್ಣು ನಂದು,
ಮಾರಿ ನೋಡೂದಿಲ್ಲ, ಮೊದಲ ಬಗಲ ನೋಡತೈತಿ.
ಕೈ ಎತ್ಯಾಳ ಆಕಿ, ಬಗಲಾಗ ಒಂದ ನಿರಿಗಿ ಇಲ್ಲ.
ಮೊಳಕೈಗೆ ಗೆರಿ ಇಲ್ಲ. ತೋಳಿನ ಅಂಚು ಹಿಡದ ಕಡೆ
ಮಾಂಸ ಕೂದಲೆಳಿಯಷ್ಟೂ ಉಬ್ಬಿಲ್ಲ.
ದಾರ ಕಟ್ಟಿದ್ರ ಬಾಳಿಕಾಯಿಗೂ ಗುರುತ ಬೀಳತೈತಿ, ತಂಗಿ,
ಈಕಿಗೆ ಯಾಕ ಇಲ್ಲ?

ಹೆಗಲಿನ ಲೆಕ್ಕ ಹಿಡದು ನಡ ಎಣಿಸಿದೆ.
ಹತ್ತೊಂಬತ್ತ ಇಂಚು.
ನನ್ನ ಮಗಳು ಅಂಗನವಾಡಿಗೆ ಹೋಗೂವಾಗಿನ
ಫ್ರಾಕಿನ ಅಳತಿ ಅದು.
ಹಿಂದ ಕಿಟಕಿ ಐತಲ್ಲ, ನೋಡ,
ನಡದ ಹತ್ರ ಸರಳ ಬಾಗ್ಯಾವ,
ಈಕಿನ್ನ ತಿದ್ದೂವಾಗ ಕಬ್ಬಿಣಾನೂ ತಿದ್ದಿ ಹೋಗೇತಿ.

ಸಂಜೋತಾ ಬಗ್ಗಿ ನೋಡಿದ್ಲು. ನಕ್ಕಳು.
ಅಳತಿಗೆ ನಿಂತಾಗ ಹೊಟ್ಟಿ ಒಳಗ ಎಳಕೊಂಡ್ಲು.

ಗೊತ್ತಿದ್ದೂ ಎಳಕೊಂಡ್ಲು.

ಎಲ್ಲಾರೂ ಎಳಕೋತಾರ. ಸಂತ್ಯಾಗ ಬುಟ್ಟಿ ಇಳಿಸಿ ಬಂದಾಕಿ,
ಬ್ಯಾಂಕಿನ ಮೇಡಮ್ಮು, ಮೂರ ತಿಂಗಳ ಬಾಣಂತಿ.
ಟೇಪ್ ತಣ್ಣಗ ತಾಕಿದ ಕೂಡ್ಲೆ
ಬಾವಿಗೆ ಬಿಟ್ಟ ಹಗ್ಗದಂಗ ಹೊಟ್ಟಿ ಸರ್ರನ ಒಳಗ ಹೋಗತೈತಿ.
ನಾ ಏನೂ ಅನ್ನೂದಿಲ್ಲ. ಮಾತಿಗೆಳಿತೀನಿ:
ಖಣ ಎಲ್ಲಿ ತಗೊಂಡಿ? ಎಷ್ಟ ಹೇಳಿದ್ರು?
ಹಾಸ್ಟೆಲ್ಲಿನ್ಯಾಗ ರೊಟ್ಟಿ ಕೊಡ್ತಾರೋ, ಬರೇ ಅನ್ನಾನೋ?
ಮಾತಾಡಾಕ ಗಾಳಿ ಬೇಕು.
ಒಂದ ಗಳಿಗಿಗೆ ಉಸಿರು ಹೊರಗ ಬರತೈತಿ,
ನಡ ತನ್ನ ಜಾಗಾಕ್ಕ ಬರತೈತಿ.
ಆವಾಗ ಬರಕೋತೀನಿ.

ಬರಕೊಂಡದ್ದೊಂದು, ಬಾಯಿಲೆ ಹೇಳಿದ್ದೊಂದು.
"ಮೂವತ್ತ" ಅಂದೆ. ಚೋಪಡಿಯೊಳಗ ಮೂವತ್ತ ಮೂರು.
ಆಕಿ ಮಾರಿ ಅರಳ್ತು.
ಕಂಪ್ಯೂಟರಿನ್ಯಾಗ ನಡ ಕೊರದವಾ ಎಲ್ಲಿ ಕುಂತಾನೋ,
ಅವಂಗ ಬೈಯೂವಾಗ
ನನ್ನ ನಾಲಿಗಿ ಅರ್ಧಕ್ಕ ನಿಲ್ಲತೈತಿ.

ಹೋದ ತಿಂಗಳ ಹುಸೇನಬೀ ಬಂದಿದ್ಲು,
ಎದಿಯ ಎಡದ್ದು ಹುಬ್ಬಳ್ಳಿ ದವಾಖಾನ್ಯಾಗ ಬಿಟ್ಟು.
ಬಾಗಲಾ ಹಾಕಿಸಿ ನಿಂತ್ಲು. ಹೊಟ್ಟಿ ಎಳಕೊಳ್ಳಲಿಲ್ಲ.
"ಅರಳಿ ಇಟ್ಟ ಹೊಲಿತೀನಿ, ಯಾರಿಗೂ ತಿಳಿಯೂದಿಲ್ಲ" ಅಂದೆ.
"ಮದಿವಿ ಮನಿಗೆ ಹೋಗಾಕ ಒಂದ ಹಂಗ ಹೊಲಿ," ಅಂದ್ಲು,
"ಮನ್ಯಾಗಿಂದು, ಹೆಂಗದೀನಿ ಹಂಗ."
ಎರಡನೇದ್ದ ಕತ್ತರಿಸೂವಾಗ ಕೈ ತಡೀತು.
ಎಡಕ್ಕ ಚಪ್ಪಟ ಯಾವತ್ತೂ ಹೊಲದಿದ್ದಿಲ್ಲ,
ಯಾವ ಚಿತ್ರದಾಗೂ ಅದಕ್ಕೊಂದು ಮಾದರಿ ಇರಲಿಲ್ಲ.
ಹಳೇ ಪೇಪರಿನ ಮ್ಯಾಲ ಮೂರ ಸಲ ಗೀಚಿ ನೋಡಿದೆ.

ಸಂಜೋತಾ ಹಾಳಿ ಇಲ್ಲೇ ಮರತ ಹೋಗ್ಯಾಳ.
ಸಂಜಿಗೆ ಗಿರ್ಮಿಟ್ ಬಂದಾಗ
ಮಿರ್ಚಿ ಇಡಾಕ ಅದ ಕೈಗೆ ಸಿಕ್ತು.
ಎಣ್ಣಿ ಹತ್ತಿದಲ್ಲಿ ಆಚಿ ಮಗ್ಗಲದ್ದು ಕಾಣಾಕ ಹತ್ತು:
ತೂಕ ಇಳಿಸೂ ಪುಡಿಯ ಜಾಹೀರಾತು,
ಉಲ್ಟಾ ಅಕ್ಷರದಾಗ, ಆಕಿ ಹೊಟ್ಟಿ ಮ್ಯಾಲ.
ಪಾಪ, ಆಕಿಗೂ ಎಲ್ಲೋ ಒಂದ ಖರೇ ನಡ ಇರಬೇಕು,
ಯಾರೂ ಇಲ್ಲದಾಗ ಉಸಿರ ಬಿಟ್ಟ ಕುಂಡರತಿರಬೇಕು.
ಆಕಿ ಟೇಲರ್ ಯಾರೋ,
ಚೋಪಡಿಯಾಗ ಎಷ್ಟಂತ ಬರದಾಳೋ.

ಸಂಜೋತಾನ ಕುಬಸದೊಳಗ ಎರಡ ಇಂಚ ಅರಿವಿ ಬಿಟ್ಟೀನಿ,
ಮೂರ ಸಾಲ ಹೊಲಿಗಿ. ಒಂದ ಬಿಚ್ಚಿದ್ರ ಒಂದ ವರ್ಷ ಬರತೈತಿ.
ಬಿಲ್ಲಿನ ಬೆನ್ನಿಗೆ ಮೂವತ್ತ ಮೂರು ಅಂತ ಬರದೀನಿ,
ಪೆನ್ಸಿಲ್ಲೆ,
ಅಳಸಾಕ ಬರೂವಂಗ.