ಆರುನೂರ ನಲವತ್ತು

ಮೊದಲು ನಾ ಸಾಯತಿದ್ದೆ,
ಆಮ್ಯಾಲ ಗುಂಡಿನ ಸಪ್ಪಳ ಕೇಳತಿತ್ತು.

ಜತ್ತ ತಾಲೂಕು, ತಿಕ್ಕುಂಡಿ ಗುಡ್ಡ,
ಹದಿನೇಳು ಗಾಳಿ ಫ್ಯಾನಿನ ಕೆಳಗ
ಪತ್ರಾಸ ಖೋಲಿಯಾಗ ನನ್ನ ರಾತ್ರಿಪಾಳಿ.
ಟಾವರ್ ಇಲ್ಲಿಗೆ ಮುಟ್ಟೂದಿಲ್ಲ. ಮುಟ್ಟಿದರ ಒಂದಽ ಕಡ್ಡಿ,
ಅದೂ ಗಡಿಯಾಚೆದ್ದು,
'ಕರ್ನಾಟಕಕ್ಕೆ ಸ್ವಾಗತ' ಅಂತ ಮೆಸೇಜ್ ಒಗದು
ಹೇಳದ ಕೇಳದ ಹೋಗಿಬಿಡತೈತಿ.
ಅದಕ್ಕ ಕಂಪನಿಯವರು ಮಾಳಿಗಿ ಮ್ಯಾಲ
ಆಕಾಶಕ್ಕ ಮಾರಿ ಮಾಡಿ ಬಿಳಿ ತಾಟು ಕೂಡ್ರಿಸಿದರು.

ನನ್ನ ಬೆರಳಿನ ಮಾತು ಇಲ್ಲಿಂದ ಮ್ಯಾಲ
ಮೂವತ್ತಾರು ಸಾವಿರ ಕಿಲೋಮೀಟರ್,
ಅಲ್ಲಿಂದ ಕೆಳಗ ಅಷ್ಟಽ, ಆಮ್ಯಾಲ ಸಿಂಗಾಪುರ,
ಅದು ಹೂಂ ಅಂದದ್ದು ತಿರುಗಿ ಅದಽ ದಾರಿ.
ಪರದೆ ಮೂಲಿಯಾಗ ಕೆಂಪಗ: ಆರುನೂರ ನಲವತ್ತು.
ಆಟದಾಗ ನನ್ನ ಹೆಸರು ತೋಳ.
ತೋಳ ಗ್ವಾಡಿಗೆ ಮಾರಿ ಹಚ್ಚಿ ಓಡತಿತ್ತು, ನಿಂತಲ್ಲೇ.
ಸೋಲಾಪುರದ ತಬಸ್ಸುಮ್, ನಮ್ಮ ಟೋಳಿಯ ಮುಖಂಡಿ,
"ಮಲಗಿಯೇನೋ?" ಅಂದದ್ದು ನನಗ ಕೇಳೂದರಾಗ
ಮುಂದಿನ ಮನಿ ಹೊಕ್ಕಿರತಿದ್ದಳು.

ಏನೇನ ಮಾಡಲಿಲ್ಲ!
ಸಿಂಗಾಪುರ ಬಿಟ್ಟು ಮುಂಬೈ ಆರಿಸಿದೆ: ಐನೂರ ತೊಂಬತ್ತು.
ವೈಫೈ ಬಿಟ್ಟು ನೀಲಿ ವೈರು ಹಚ್ಚಿದೆ: ಐನೂರ ಎಂಬತ್ತು.
ಡ್ರೈವರ್ ಇಬ್ಬರ ಮೊಬೈಲು ನಡುರಾತ್ರಿ
ತಾವಽ ಅಪ್‌ಡೇಟ್ ಆಗತಿದ್ದುವು, ಕಾಲಿಗೆ ಬಿದ್ದು ನಿಲ್ಲಿಸಿದೆ.
ತಾಟಿನ ಬೆನ್ನಿಗೆ ಕಣಜ ಗೂಡು ಕಟ್ಟಿತ್ತು,
ಹೊಗಿ ಹಾಕಿ ಎಬ್ಬಿಸಿದೆ, ಎರಡು ಸಲ ಕಚ್ಚಿಸಿಕೊಂಡೆ.
ಅಂಕಿ ಮಿಸುಕಲಿಲ್ಲ.
ಒಂಬತ್ತನೇ ಫ್ಯಾನಿನ ಮ್ಯಾಲ ಸಂಶಯ ಬಂತು,
ರೆಕ್ಕಿ ಅಡ್ಡ ಬಂದಾಗೊಮ್ಮೆ ಆಟ ಹಿಡೀತೈತಿ ಅಂತ
ಬೆರಳು ಮಡಿಚಿ ಒಂದು ತಾಸು ಎಣಿಸಿದೆ.
ಗಾಳಿ ಬಿದ್ದು ಫ್ಯಾನು ನಿಂತ ದಿನಾನೂ ಅಷ್ಟಽ ಹಿಡೀತು.

ಕಡೀಕ ಕ್ಯಾಮೆರಾ.
ನಾಲ್ಕು ಕ್ಯಾಮೆರಾ ರಾತ್ರಿಯೆಲ್ಲ ಕತ್ತಲೀನ ಪುಣೆಗೆ ಕಳಸತಾವ.
ನಾಲ್ಕನೇದು ಕಳಸೂದು ಬರೇ ಒಂದು ಜಾಲಿಗಿಡ.
ಹನ್ನೊಂದರಿಂದ ಹನ್ನೊಂದೂವರಿ ಅದರ ಕಣ್ಣು ಮುಚ್ಚಿಸಿದೆ.
ಐನೂರ ಅರವತ್ತು. ಅದರ ಕೆಳಗ ಇಳೀಲಿಲ್ಲ.

ಎಂಜಿನಿಯರ್ ಖಾಡಿಲಕರ್ ಫೋನಿನ್ಯಾಗ ನಕ್ಕರು:
"ಮಾಳಿಂಗ, ಉಳದದ್ದು ಲೈನಿನ ದೋಷ ಅಲ್ಲೋ,
ಬೆಳಕಿನ ವೇಗ. ಅದರ ಮ್ಯಾಲ ಕಂಪ್ಲೇಂಟ್
ಬರಕೊಳ್ಳಾವ್ರು ಯಾರೂ ಇಲ್ಲ."
ಒಂದೀಟು ಬಿಟ್ಟು ಕೇಳಿದರು,
"ಮೊನ್ನೆ ರಾತ್ರಿ ಆ ಜಾಲಿಗಿಡ ಎಲ್ಲಿಗೆ ಹೋಗಿತ್ತು?"

ಅವತ್ತು ಅಪ್ಪ ಬುತ್ತಿ ತಂದಿದ್ದ.
ನಲವತ್ತು ವರ್ಷ ಕುರಿ ಕಾಯ್ದಾಂವ, ಹಿಂದ ನಿಂತು ನೋಡಿದ.
"ಯಾರ್ನ ಹೊಡೀತಿ?"
"ಆ ಓಡಾಂವನ್ನ."
"ಅಂವ ಅಲ್ಲಿ ಇಲ್ಲಲ್ಲ."
ಕಂಬಳಿ ಸರಿ ಮಾಡಿಕೋತ ಅಂದ:
"ತಪ್ಪಿಸಿಕೊಂಡ ಟಗರಿಗೆ ಕಲ್ಲು ಒಗದರ ಟಗರು ಸಿಗೂದಿಲ್ಲ.
ಮೂತಿ ಮುಂದ ಎರಡು ಮಾರು ಒಗಿ.
ಕಲ್ಲು ಹೋಗಿ ಮುಟ್ಟೂದರಾಗ ಅದು ಬಂದಿರತೈತಿ."

ನಮ್ಮ ಸಾಲಿಗೆ ಕನ್ನಡ ಪುಸ್ತಕ ದೀಪಾವಳಿಗೆ ಬರತಿದ್ದುವು,
ಒಂದೊಂದ ವರ್ಷ ಸಂಕ್ರಾಂತಿಗೆ.
ಸಾವಳಗಿ ಗುರುಗಳು ಕಾಯತಿರಲಿಲ್ಲ,
ಹೊಸಾದ್ರಾಗ ಏನಿದ್ದೀತು ಅಂತ ಊಹಿಸಿ
ಜೂನಿನಾಗಽ ಬರೆಸತಿದ್ದರು.
ಪುಸ್ತಕ ಬಂದಾಗ ಹತ್ತಕ್ಕ ಏಳು ಹೊಂದತಿತ್ತು.
ಉಳದದ್ದಕ್ಕ ನಕ್ಕು, ಅಳಸ್ರಪಾ, ಅಂತಿದ್ದರು.

ಖಾಲಿ ಬಾಗಲಕ್ಕ ಗುರಿ ಇಟ್ಟೆ.
"ಅಲ್ಲಿ ಯಾರದಾರೋ, ಹುಚ್ಚಾ!" ತಬಸ್ಸುಮ್ ಒದರಿದಳು.
ಯಾರೂ ಇರಲಿಲ್ಲ. ಹೊಡದೆ.
ಅರ್ಧ ಉಸಿರು.
ಬಾಗಲದಾಗ ಒಬ್ಬಾಂವ ಬಂದ, ಬಿದ್ದ.

ಗುರುಗಳ ಲೆಕ್ಕ ನನಗ ಇನ್ನೂ ಬಂದಿಲ್ಲ.
ಹತ್ತಕ್ಕ ಮೂರು. ಉಳದ ಏಳು ಬಾಗಲದಾಗ
ಯಾರೂ ಬರಲಿಲ್ಲ.

ಅಪ್ಪ ಬ್ಯಾಟ್ರಿ ಹಿಡಕೊಂಡು ಗುಡ್ಡ ಇಳದ.
ನಾಲ್ಕನೇ ಕ್ಯಾಮೆರಾದ ಕಣ್ಣು ತೆರದೆ.
ಜಾಲಿಗಿಡ ಇತ್ತು, ಅದರ ಬುಡಕ್ಕ
ಅಂವ ಇನ್ನೂ ಬಂದಿರಲಿಲ್ಲ.
ನಾ ಅಲ್ಲೇ ನೋಡಕೋತ ಕುಂತೆ.