ಇನ್ನೂರು ಅಕ್ಷರದೊಳಗ

ಬ್ಯಾಂಕಿನ ಹುಡುಗ ಕಂಪ್ಯೂಟರು ನನ್ನ ಕಡೆ ತಿರುಗಿಸಿದ.
ಆರುನೂರಾ ಹನ್ನೊಂದು.
ಜ್ವರಾ ನೋಡಿದ ನರ್ಸಿನಂಗ ಮಾರಿ ಮಾಡಿ
‘ಕಸೂತಿ ಮಷೀನಿಗೆ ಸಾಲ ಆಗೂದಿಲ್ರಿ’ ಅಂದ.
ಕೆಂಪು ಗೆರಿ ಒಂದ ಇತ್ತು, ಒಂದ.
ಟಂಟಂ ಗಾಡಿ, ಎರಡು ಸಾವಿರದ ಹನ್ನೆರಡು,
ಬಾಕಿ ಹದಿನೆಂಟು ಸಾವಿರದ ನಾಕನೂರು,
ಮುಂದ ಸಣ್ಣಗ: ವಸೂಲಾಗದೆ ಕೈಬಿಟ್ಟದ್ದು.

ಟಂಟಂ?
ನಾ ಸೈಕಲ್ ಗಾಲಿಗೂ ಅಂಜಾಕಿ.

ಹೆಸರು ಲಗ್ನಕ್ಕ ಮೊದಲಿಂದು: ಸರೋಜಾ ಬಡಿಗೇರ.
ವಿಳಾಸ ಹಳೇ ಬಾಗಲಕೋಟಿ, ಕಟಗಿ ಅಡ್ಡೆ ಹಿಂದ.
ಆ ಮನಿ ಆಗಲೇ ಹಿನ್ನೀರಾಗ ಮುಳುಗಿತ್ತು,
ರೇಷನ್ ಕಾರ್ಡಿನಾಗಷ್ಟ ತೇಲತಿತ್ತು.
ಈಗೂ ಬ್ಯಾಸಗ್ಯಾಗ ನೀರು ಸರಿದ್ರ
ಹೊಸ್ತಿಲ ಕಲ್ಲಿನ ಮ್ಯಾಲ ಕೊಕ್ಕರೆ ಕುಂತಿರತಾವು.
ಅಳತಿ ಮಾಡಿ, ಪರಿಹಾರ ಕೊಟ್ಟು, ಮುಳುಗಿಸಿದ ಮನಿ.
ಎಲ್ಲೋ ದೂರದ ಕಂಪ್ಯೂಟರಿನೊಳಗ
ಇನ್ನೂ ಅದಕ್ಕ ಬಾಗಿಲೈತಿ, ನಂಬರೈತಿ,
ಒಳಗೊಬ್ಬಾಕಿ ಸರೋಜಾ
ಕಂತು ಕಟ್ಟಲಾರದ ಚಿಲಕಾ ಹಾಕ್ಕೊಂಡು ಕುಂತಾಳ.

ರಾತ್ರಿ ನವನಗರದಾಗ, ಕರೆಂಟು ಹೋಗಿ ಬಂದ ಮ್ಯಾಲ,
ಮಗ ಫೋನಿನಾಗ ತಕರಾರಿನ ಅರ್ಜಿ ತಗದ.
‘ಒಂದನ್ನ ಒತ್ತಬೇಕವ್ವಾ:
ಈ ಖಾತೆ ನನ್ನದಲ್ಲ.
ಮೊತ್ತ ತಪ್ಪು.
ತೀರಿಸಿದ್ದು ತೋರಿಸಿಲ್ಲ.
ಕಾರಣ ಇನ್ನೂರು ಅಕ್ಷರದೊಳಗ.’
ಮೊದಲನೇದು ಒತ್ತು ಅನ್ನಾಕಿ ಇದ್ದೆ.

ಸಾಲದ ಕಂಪನಿ ಕಳಿಸಿದ ಝೆರಾಕ್ಸ್ ತೊಡಿಮ್ಯಾಗ ಇತ್ತು.
ಸಹಿ ನಂದಲ್ಲ.
ಆದ್ರ ‘ಜಾ’ದ ದೀರ್ಘಾ
ಉಳಿ ಹಿಡದಂಗ ಒತ್ತಿ ಗೀರಿದ್ದು ಗುರುತು ಸಿಕ್ಕಿತು.
ಪಾಟಿ ಮ್ಯಾಲ ಮೊದಲಿಗೆ ನನ್ನ ಹೆಸರು ಬರದು
‘ತಿದ್ದು ಸರೂ’ ಅಂದ ಕೈ.
ಮೌನೇಶಣ್ಣ.

ಆ ಟಂಟಂದಾಗ ಕಟ್ಟಿಗಿ ಹೊಟ್ಟಿನ ಚೀಲಾ ಹಾಸಿ
ನನ್ನ ಮಲಗಿಸ್ಕೊಂಡು ದವಾಖಾನಿಗೆ ಹೊಂಟಿದ್ದ.
ನಡುರಾತ್ರಿ. ಹಂಪ್ ಬಂದಾಗೊಮ್ಮೆ
‘ತಡಕೋ, ಇದೊಂದ’ ಅಂತಿದ್ದ.
ಒಂಬತ್ತು ಹಂಪು. ಒಂಬತ್ತೂ ಸಲ ‘ಇದೊಂದ’.
ಹತ್ತನೇದು ಬರೂದ್ರಾಗ
ಈಗ ಫೋನ್ ಹಿಡದು ಕುಂತಾವ ಅತ್ತಿದ್ದ.
ಗಾಡಿ ಜಪ್ತಿ ಆದ ವರ್ಷ ಅಣ್ಣ ಊರು ಬಿಟ್ಟ.
ಗಣೇಶನ ಹಬ್ಬಕ್ಕ ಫೋನ್ ಮಾಡತಾನ,
ಹವಾ ಕೇಳತಾನ, ಇಡತಾನ.
ನಾ ಸಿಟ್ಟಾಗೇನಿ. ಇಲ್ಲ ಅನ್ನೂದಿಲ್ಲ.
ಕೇಳಿದ್ರ ನಾನ ಸಹಿ ಮಾಡತಿದ್ದೆ,
ಅದಕ್ಕ ಕೇಳಲಿಲ್ಲೋ ಏನೋ.

‘ನನ್ನದಲ್ಲ’ ಅಂದ್ರ ಖರೇನ. ಮುಂದಿನ ಪುಟದಾಗ
ಮೋಸ ಮಾಡಿದವರ ಹೆಸರು ಕೇಳತಾರ.
ಒಂದು ಕುಬಸಕ್ಕ ನೂರಾ ಐವತ್ತು,
ನೂರಾ ಇಪ್ಪತ್ಮೂರು ಕುಬಸ ಹೊಲದ್ರ ತೀರತೈತಿ,
ಮ್ಯಾಲ ಐವತ್ತು ಉಳಿತೈತಿ.
ಹಂಗ ಲೆಕ್ಕಾ ಹಾಕೋದ್ರಾಗ ಹಾಲು ಉಕ್ಕಿತು.

ಒಲಿ ಒರಸಿ ಬಂದು ಮಗನಿಗೆ ಅಂದೆ:
‘ಎರಡನೇದು ಒತ್ತು. ಮೊತ್ತ ತಪ್ಪು.’
‘ಕಾರಣ?’
‘ಬರಿ: ಒಂದು ರಾತ್ರಿ ಬಾಡಿಗಿ
ನಾ ಕೊಡೂದೈತಿ. ಇದರಾಗ ಹಿಡದಿಲ್ಲ.’

ಹುಡುಗ ನನ್ನ ಮಾರಿ ನೋಡಿದ. ಬರದ.
ನೂರಾ ಐವತ್ತರ ಮ್ಯಾಲ ಅಕ್ಷರ ಉಳದುವು.